ಏರಿ ಇಳಿಯುವ ಕಂಠಾಭರಣ: ಮಾನ್ಯಖೇಟದ ಒಂದು ಸಂಖ್ಯೆ ಮತ್ತು ಪುಣೆಯ ಗಣಿತಾನಂದ

ಪುಣೆಯಿಂದ ಆರಾಧನಾ ಮಹೋತ್ಸವಕ್ಕೆಂದು ಸೋಲಾಪುರ, ಕಲಬುರಗಿಗಳ ಮಾರ್ಗವಾಗಿ ಮಳಖೇಡಕ್ಕೆ ತೆರಳುವ ಭಕ್ತಾದಿಗಳಿಗೆ ಕಾಗಿಣಾ ನದಿಯೂ ಅದರ ತೀರದ ವೃಂದಾವನ ಸನ್ನಿಧಿಯೂ ಚಿರಪರಿಚಿತ. ದರ್ಶನವನ್ನು ಮುಗಿಸಿ ಹೊರಬಂದವರಲ್ಲಿ ಕೆಲವರು ಸಮೀಪದ ಪಾಳುಕೋಟೆಯತ್ತಲೂ ಒಮ್ಮೆ ಕಣ್ಣು ಹಾಯಿಸುವುದುಂಟು. ಇದೇ ಮಳಖೇಡವು ಒಂದು ಕಾಲಕ್ಕೆ ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿ ಮೆರೆದ ನಗರ. ಅಮೋಘವರ್ಷ ನೃಪತುಂಗನು ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿ ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ಆಳಿದ ಸ್ಥಳ. 'ಕವಿರಾಜಮಾರ್ಗ'ವು ಆತನ ಆಸ್ಥಾನದಲ್ಲಿ ರಚಿತವಾಯಿತೆಂಬುದನ್ನು ಕನ್ನಡಿಗರೆಲ್ಲರೂ ಬಲ್ಲರು. ಅದೇ ದೊರೆಯನ್ನು ಆರಂಭದಲ್ಲಿಯೇ ಕೊಂಡಾಡುವ ಇನ್ನೊಂದು ಗ್ರಂಥವಿದ್ದು, ಅದರೊಳಗೆ ಒಂದು ವಿಲಕ್ಷಣ ಸಂಖ್ಯೆಯು ಅಡಗಿದೆಯೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಆ ಗ್ರಂಥವು ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'. ಆ ಸಂಖ್ಯೆಯು 12345654321. ನಮ್ಮ ರೂಢಿಯಂತೆ ಓದುವುದಾದರೆ ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಸುಮಾರು ಸಾವಿರದ ನೂರು ವರ್ಷಗಳ ನಂತರ ಪುಣೆಯಲ್ಲಿ ಓದಿದ ಒಬ್ಬ ಶಾಲಾಶಿಕ್ಷಕರು ಇದೇ ಸಂಖ್ಯೆಯನ್ನೂ ಅದರ ಕುಲದ ಇತರ ಸಂಖ್ಯೆಗಳನ್ನೂ ತಮ್ಮದೇ ಮಾರ್ಗದಿಂದ ಕಂಡು, ಅವುಗಳಿಗೆ ಒಂದು ರೈಲು ನಿಲ್ದಾಣದ ಹೆಸರನ್ನಿಟ್ಟರು. ಮಾನ್ಯಖೇಟದ ಆಚಾರ್ಯರಿಗೂ ಈ ಶಿಕ್ಷಕರಿಗೂ ಗ್ರಂಥಪರಂಪರೆಯ ಕೊಂಡಿಯೊಂದನ್ನು ಕಲ್ಪಿಸಿ ಹೊಸೆಯುವ ಅಗತ್ಯವಿಲ್ಲ. ಆದರೆ ಇಬ್ಬರಿಗೂ ಸಮಾನವಾದ ಒಂದು ಧರ್ಮವಿತ್ತು. ಅದು ಪಾಠ ಹೇಳುವ ಧರ್ಮ. ಈ ಸಂಖ್ಯೆಯ ಮಹತ್ತ್ವವನ್ನು ಅಲ್ಲಿಂದಲೇ ನೋಡಬೇಕಾಗಿದೆ.

ಮಹಾವೀರಾಚಾರ್ಯರು ದಿಗಂಬರ ಜೈನ ಸಂಪ್ರದಾಯದವರು. ಕ್ರಿ.ಶ. 850ರ ಸುಮಾರಿಗೆ ಅವರು ರಚಿಸಿದ ಈ ಸಂಸ್ಕೃತ ಕೃತಿಯಲ್ಲಿ ಪರಿಭಾಷೆಯ ಅಧಿಕಾರದೊಡನೆ ಎಂಟು ವ್ಯವಹಾರಗಳಿದ್ದು, ಸುಮಾರು 1,100 ಶ್ಲೋಕಗಳಿವೆ. ಅದಕ್ಕೆ ಹಿಂದಿನ ಗಣಿತವು ಬಹುಮಟ್ಟಿಗೆ ಜ್ಯೋತಿಷ ಸಿದ್ಧಾಂತಗಳ ಒಂದೆರಡು ಅಧ್ಯಾಯಗಳಲ್ಲಿ ಸೇರಿಕೊಂಡಿರುತ್ತಿತ್ತು. ಇಲ್ಲಿಯಾದರೋ ಗ್ರಹಚಾರದ ಗೊಡವೆಯಿಲ್ಲ, ಆದ್ಯಂತವೂ ಗಣಿತವೇ. ಲೌಕಿಕ, ವೈದಿಕ ವ್ಯವಹಾರಗಳಿಂದ ಮೊದಲುಗೊಂಡು ಸಂಗೀತ, ಛಂದಸ್ಸು, ವಾಸ್ತು, ವೈದ್ಯ, ಪಾಕಶಾಸ್ತ್ರಗಳವರೆಗೆ ಗಣಿತವಿಲ್ಲದೆ ಯಾವುದೂ ನಡೆಯದೆಂದು ಆಚಾರ್ಯರು ಆರಂಭದಲ್ಲಿ ಹೇಳುತ್ತಾರೆ. ಏಕ, ದಶ, ಶತಗಳಿಂದ ಹೊರಟು ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳನ್ನು ಹೆಸರಿಸುತ್ತಾರೆ. ಇಷ್ಟು ದೊಡ್ಡ ಸಂಖ್ಯೆಗಳ ಪ್ರಸ್ತಾಪವು ಜೈನ ವಾಙ್ಮಯದಲ್ಲಿ ಸಹಜವೇ ಆಗಿದ್ದಿತು.

ಗುಣಾಕಾರದ ಪ್ರಕರಣದಲ್ಲಿ ಬಸದಿಗಳಿಗೆ ಅರ್ಪಿಸುವ ಹೂವು, ರತ್ನಗಳ ಲೆಕ್ಕಗಳು ಬರುತ್ತವೆ. ಅವುಗಳೊಡನೆಯೇ, ಅಂಕೆಗಳನ್ನು ಮಣಿಗಳಂತೆ ಪೋಣಿಸಿ ಉತ್ತರವೇ ಒಂದು ಹಾರವಾಗುವಂತೆ ಕಟ್ಟಿದ ಕೆಲವು ಲೆಕ್ಕಗಳಿವೆ. ಅಂಥ ಗುಣಲಬ್ಧಗಳನ್ನು ಅರಸನ ಕೊರಳ ಆಭರಣಕ್ಕೆ ಹೋಲಿಸಿರುವುದು ಆಚಾರ್ಯರ ಕವಿತ್ವಕ್ಕೂ ಸಾಕ್ಷಿ. ಹಾರವನ್ನು ಎಡದಿಂದ ನೋಡಿದರೂ ಬಲದಿಂದ ನೋಡಿದರೂ ಮಣಿಗಳ ಕ್ರಮವು ಒಂದೇ ಆಗಿರುವಂತೆ ಈ ಸಂಖ್ಯೆಗಳೂ ಎರಡು ದಿಕ್ಕಿನಿಂದಲೂ ಒಂದೇ. 27994681 ಎಂಬುದನ್ನು 441ರಿಂದ ಗುಣಿಸಬೇಕೆಂಬುದು ಅವುಗಳಲ್ಲಿ ಒಂದು. ಬರುವ ಉತ್ತರವು 12345654321. ಇದನ್ನು ಆಚಾರ್ಯರು ಒಂದರಿಂದ ತೊಡಗಿ ಆರರವರೆಗೆ ಏರಿ, ಅನಂತರ ಕ್ರಮವಾಗಿ ಇಳಿಯುವ ರಾಶಿಯೆಂದು ಬಣ್ಣಿಸುತ್ತಾರೆ. ಹನ್ನೊಂದು ಅಂಕೆಗಳನ್ನು ಒಂದೊಂದಾಗಿ ಹೇಳುವ ಶ್ರಮವೇ ಇಲ್ಲದೆ ಅರ್ಧ ಶ್ಲೋಕಕ್ಕೂ ಕಡಿಮೆ ಮಾತಿನಲ್ಲಿ ಸಂಖ್ಯೆಯು ನಿಂತಿತು.

27994681 ಎಂಬ ಸಂಖ್ಯೆಯು ಎಲ್ಲಿಂದ ಬಂದಿತು? ಯಾರೂ ಕಣ್ಣು ಮುಚ್ಚಿ ಬೆರಳಿಟ್ಟು ಆರಿಸಬಹುದಾದ ಸಂಖ್ಯೆಯಲ್ಲ ಅದು. ಬಿಡಿಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಆರು ಒಂದುಗಳ ಸಂಖ್ಯೆಯಾದ 111111ರ ವರ್ಗವೇ 12345654321. 111111 ಎಂಬುದು 111 ಮತ್ತು 1001ರ ಗುಣಲಬ್ಧ. 111 ಎಂದರೆ 3 ಮತ್ತು 37, 1001 ಎಂದರೆ 7, 11 ಮತ್ತು 13. ಹೀಗೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳಿಂದ ಅದು ಆಗಿದೆ. ಇವುಗಳಲ್ಲಿ 3 ಮತ್ತು 7ನ್ನು ಒಂದು ಕಡೆಗಿಟ್ಟರೆ 21. ಅದರ ವರ್ಗ 441. ಉಳಿದ 11, 13, 37ರ ಗುಣಲಬ್ಧ 5291. ಅದರ ವರ್ಗ 27994681. ಗುಣ್ಯ, ಗುಣಕಗಳೆರಡೂ ಪೂರ್ಣವರ್ಗಗಳೇ! ಅಂದರೆ ಈ ಲೆಕ್ಕವನ್ನು ಕಟ್ಟಿದವರು ಉತ್ತರದಿಂದ ಹಿಮ್ಮುಖವಾಗಿ ನಡೆದು, ಅದನ್ನು ಅಪವರ್ತನಗಳಾಗಿ ಒಡೆದು, ಶಿಷ್ಯನಿಗೆ ಗುರುತು ಸಿಗದಂತೆ ಎರಡು ಪಾಲು ಮಾಡಿ ಕೊಟ್ಟಿರುವರೆಂಬುದು ಸ್ಪಷ್ಟ. 152207ನ್ನು 73ರಿಂದ ಗುಣಿಸಿದರೆ 11111111 ಎಂಬ ಅವರ ಮತ್ತೊಂದು ಹಾರವೂ ಇದೇ ಜಾಣ್ಮೆಯ ಫಲ. ಎಂಟು ಒಂದುಗಳ ಸಂಖ್ಯೆಯು 11, 73, 101, 137ರಿಂದ ಭಾಗವಾಗುವುದೆಂಬ ತಿಳಿವಳಿಕೆಯಿಲ್ಲದೆ ಅಂಥ ಲೆಕ್ಕವು ಹುಟ್ಟಲಾರದು.

111111ರ ವರ್ಗವು ಏರಿಳಿತದ ಸಾಲಾಗುವುದೇಕೆಂಬುದನ್ನು ತಿಳಿಯಲು ಕಾಗದ, ಲೇಖನಿಗಳು ಸಾಕು. 111111ನ್ನು ಅದರಿಂದಲೇ ಗುಣಿಸುವಾಗ ಆರು ಸಾಲುಗಳು ಬರುತ್ತವೆ; ಪ್ರತಿಯೊಂದು ಸಾಲೂ ಆರು ಒಂದುಗಳದೇ, ಆದರೆ ಒಂದೊಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಿಡಿಸ್ಥಾನದ ಕೆಳಗೆ ಒಂದೇ ಒಂದು, ಹತ್ತರ ಸ್ಥಾನದಲ್ಲಿ ಎರಡು ಒಂದುಗಳು, ನೂರರ ಸ್ಥಾನದಲ್ಲಿ ಮೂರು. ಹೀಗೆ ನಡುವಿನಲ್ಲಿ ಆರು ಒಂದುಗಳು ಕೂಡಿ, ಮತ್ತೆ ಐದು, ನಾಲ್ಕು ಎಂದು ಇಳಿಯುತ್ತವೆ. ಯಾವ ಸ್ಥಾನದಲ್ಲಿಯೂ ಹತ್ತು ತುಂಬದಿರುವುದರಿಂದ ದಶಕ ಹಿಡಿಯುವ ಪ್ರಸಂಗವೇ ಇಲ್ಲ. ಮೆಟ್ಟಿಲುಗಳು ಕೆಡದೆ ಉಳಿಯುತ್ತವೆ.

ಧೂಳು ಹರಡಿದ ಹಲಗೆಯ ಮೇಲೆ ಅಂಕೆಗಳನ್ನು ಬರೆದು, ಅಳಿಸಿ, ಮತ್ತೆ ಬರೆದು ಗುಣಿಸುತ್ತಿದ್ದ ಕಾಲವದು. ಗುಣಕವನ್ನು ಬಾಗಿಲಿನ ಕದದಂತೆ ಗುಣ್ಯದ ಮೇಲೆ ಸರಿಸುತ್ತ ಸಾಗುವ 'ಕವಾಟಸಂಧಿ' ಎಂಬ ಕ್ರಮದಲ್ಲಿ ನಡುವಣ ಹಂತಗಳೆಲ್ಲವೂ ಅಳಿಸಿಹೋಗುತ್ತವೆ. ತಪ್ಪಾದರೆ ಎಲ್ಲಿ ತಪ್ಪಿತೆಂದು ಹಿಂದಿರುಗಿ ನೋಡುವಂತಿಲ್ಲ. ಎಂಟು ಅಂಕೆಯ ಗುಣ್ಯವನ್ನು ಮೂರು ಅಂಕೆಯ ಗುಣಕದಿಂದ ಗುಣಿಸಿದ ಬಾಲಕನಿಗೆ ತನ್ನ ಉತ್ತರವು ಸರಿಯೆಂದು ಹೇಳುವವರಾರು? ಉತ್ತರವೇ ಹೇಳುತ್ತದೆ! ಹಾರವು ಸಮವಾಗಿ ಬಂದರೆ ಲೆಕ್ಕ ಸರಿ. ಒಂದು ಮಣಿ ಕೆಟ್ಟರೂ ಹಾರವೇ ಕೆಟ್ಟಂತೆ. ಗುರುಗಳು ಬಳಿಯಲ್ಲಿ ಇಲ್ಲದಾಗಲೂ ಶಿಷ್ಯನು ತನ್ನನ್ನು ತಾನೇ ತಿದ್ದಿಕೊಳ್ಳಬಹುದು. ಓಲೆಗರಿಯನ್ನು ಪ್ರತಿ ಮಾಡುವ ಲಿಪಿಕಾರನ ಕೈತಪ್ಪಿಗೂ ಇದೇ ಕಾವಲು. ಚಂದ್ರನೆಂದರೆ ಒಂದು, ನೇತ್ರವೆಂದರೆ ಎರಡು, ಅಗ್ನಿಯೆಂದರೆ ಮೂರು, ಸಮುದ್ರವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು ಎಂಬ ಭೂತಸಂಖ್ಯೆಗಳಲ್ಲಿ ಒಂದು ಪದವು ಬದಲಾದರೂ ಉತ್ತರವು ಹಾರವಾಗದೆ ಪಾಠದೋಷವನ್ನು ಬಯಲುಮಾಡುತ್ತದೆ. ಹಸ್ತಪ್ರತಿಗಳನ್ನು ಪರಿಷ್ಕರಿಸುವ ವಿದ್ವಾಂಸರಿಗೆ ಇಂಥ ಸೌಲಭ್ಯವು ಬೇರೆ ಶಾಸ್ತ್ರಗಳಲ್ಲಿ ದೊರೆಯುವುದು ವಿರಳ.

'ಗಣಿತಸಾರಸಂಗ್ರಹ'ವು ದಕ್ಷಿಣದಲ್ಲಿ ಬಹುಕಾಲ ಪಾಠದಲ್ಲಿದ್ದಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ಮುಂದಿನ ಶತಮಾನದಲ್ಲಿ ಕನ್ನಡದಲ್ಲಿಯೇ ಗಣಿತವನ್ನು ಬರೆದ ಪೂವಿನಬಾಗೆಯ ರಾಜಾದಿತ್ಯನ 'ವ್ಯವಹಾರಗಣಿತ'ವೂ ಇದೇ ದಾರಿಯದು. ಅನಂತರ ಗ್ರಂಥವು ಮೆಲ್ಲನೆ ಬಸದಿಗಳ ಭಂಡಾರ ಸೇರಿತು. ಮದರಾಸಿನ ಪ್ರೊ. ಎಂ. ರಂಗಾಚಾರ್ಯರು ಕನ್ನಡ ಲಿಪಿಯ ತಾಡಪತ್ರಗಳನ್ನೂ ಒಳಗೊಂಡಂತೆ ಹಲವು ಪ್ರತಿಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ ಅಚ್ಚು ಮಾಡಿಸಿದ್ದು 1912ರಲ್ಲಿ. ಆಚಾರ್ಯರ ನಾಡಿನ ನುಡಿಯಲ್ಲಿ, ಅಂದರೆ ಕನ್ನಡ ಅನುವಾದದೊಡನೆ, ಪ್ರೊ. ಪದ್ಮಾವತಮ್ಮನವರ ಆವೃತ್ತಿಯು ಹೊಂಬುಜದಿಂದ ಹೊರಬಂದದ್ದು 2000ದಲ್ಲಿ. ಮಾನ್ಯಖೇಟದಿಂದ ಹೊಂಬುಜಕ್ಕೆ ಬರಲು ಗ್ರಂಥವು ತೆಗೆದುಕೊಂಡ ಕಾಲವು ಸುಮಾರು 1,150 ವರ್ಷಗಳು!

ಇನ್ನು ಪುಣೆಯ ಮಾತು. ಡೆಕ್ಕನ್ ಎಜುಕೇಶನ್ ಸೊಸೈಟಿಯು 1885ರಲ್ಲಿ ಸ್ಥಾಪಿಸಿದ ಫರ್ಗ್ಯುಸನ್ ಕಾಲೇಜು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಣಿತಕ್ಕೆ ಹೆಸರುವಾಸಿಯಾಗಿದ್ದಿತು. 1899ರಲ್ಲಿ ಕೇಂಬ್ರಿಜಿನಲ್ಲಿ ಸೀನಿಯರ್ ರ‍್ಯಾಂಗ್ಲರ್ ಪದವಿಯನ್ನು ಗಳಿಸಿದ ಮೊದಲ ಭಾರತೀಯರಾದ ರಘುನಾಥ ಪುರುಷೋತ್ತಮ ಪರಾಂಜಪೆಯವರು ಅಲ್ಲಿ ದೀರ್ಘಕಾಲ ಪ್ರಾಂಶುಪಾಲರಾಗಿದ್ದರು. ವಿದೇಶದಲ್ಲಿ ದೊಡ್ಡ ಹುದ್ದೆಗಳನ್ನು ಅಪೇಕ್ಷಿಸದೆ ಊರಿಗೆ ಮರಳಿ, ಅಲ್ಪ ವೇತನದಲ್ಲಿ ಪಾಠ ಹೇಳಿದ ಅವರ ಹೆಸರು ಮಹಾರಾಷ್ಟ್ರದಲ್ಲಿ ಗಣಿತಕ್ಕೆ ಪರ್ಯಾಯವೇ ಆಗಿಹೋಗಿದ್ದಿತು. ಅವರ ಹೆಸರಿನಲ್ಲಿ ಸ್ವತಂತ್ರ ಗಣಿತ ರಚನೆಗೆಂದು ಇಟ್ಟಿದ್ದ ಬಹುಮಾನವನ್ನು 1927ರಲ್ಲಿ ಪಡೆದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಎಂಬ ವಿದ್ಯಾರ್ಥಿ.

ಕಾಪ್ರೇಕರರು 1905ರ ಜನವರಿ 17ರಂದು ಮುಂಬಯಿಯ ಉತ್ತರಕ್ಕಿರುವ ಡಹಾಣುವಿನಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡರು. ತಂದೆಯವರು ಗುಮಾಸ್ತರಾಗಿದ್ದು, ಜ್ಯೋತಿಷದಲ್ಲಿ ಆಸಕ್ತರು. ಜಾತಕದ ಕೂಡು-ಕಳೆಗಳನ್ನು ನೋಡುತ್ತ ಬೆಳೆದ ಬಾಲಕನಿಗೆ ಅಂಕೆಗಳ ನಂಟು ಮನೆಯಲ್ಲಿಯೇ ಅಂಟಿತು. ಠಾಣೆಯಲ್ಲಿ ಶಾಲೆಯನ್ನು ಮುಗಿಸಿ, 1923ರಲ್ಲಿ ಫರ್ಗ್ಯುಸನ್ ಕಾಲೇಜನ್ನು ಸೇರಿ, 1929ರಲ್ಲಿ ಬಿ.ಎಸ್‌ಸಿ. ಪದವೀಧರರಾದರು. ಅಲ್ಲಿಗೆ ಅವರ ಔಪಚಾರಿಕ ಶಿಕ್ಷಣವು ಮುಗಿಯಿತು. 1930ರಿಂದ 1962ರವರೆಗೆ ಮೂವತ್ತೆರಡು ವರ್ಷಗಳ ಕಾಲ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾಶಿಕ್ಷಕರಾಗಿ ದುಡಿದರು. ಬಿಡುವು ದೊರೆತಾಗಲೆಲ್ಲ ಸಂಖ್ಯೆಗಳೊಡನೆ ಕುಳಿತಿರುತ್ತಿದ್ದ ಅವರನ್ನು ಬಲ್ಲವರು 'ಗಣಿತಾನಂದ' ಎಂದು ಕರೆಯುತ್ತಿದ್ದರು.

ಅಂದಿನ ಜಿ.ಐ.ಪಿ. ರೈಲುಮಾರ್ಗದಲ್ಲಿ ಮುಂಬಯಿಯಿಂದ ಸುಮಾರು 30 ಮೈಲು ದೂರದಲ್ಲಿ ಡೆಮ್ಲೋ ಎಂಬ ನಿಲ್ದಾಣವಿದ್ದಿತು. ಇಂದಿನ ಡೊಂಬಿವಲಿಯೇ ಅದು. ಪುಣೆಯಿಂದ ಮುಂಬಯಿಗೆ ಹೋಗಿಬರುವ ವಾಚಕರು ಅದನ್ನು ಅದೆಷ್ಟು ಬಾರಿ ದಾಟಿರುವರೋ! ಕಾಪ್ರೇಕರರಿಗೆ ಒಂದು ಬಗೆಯ ಸಂಖ್ಯೆಗಳ ವಿಚಾರವು ಹೊಳೆದದ್ದು ಅಲ್ಲಿ. ಆದಕಾರಣ ಅವುಗಳಿಗೆ 'ಡೆಮ್ಲೋ ಸಂಖ್ಯೆ'ಗಳೆಂದೇ ಹೆಸರಿಟ್ಟರು. 1, 121, 12321, 1234321 ಎಂದು ಬೆಳೆಯುವ ಸಾಲಿಗೆ 'ಅದ್ಭುತ ಡೆಮ್ಲೋ ಸಂಖ್ಯೆ'ಗಳೆಂಬ ವಿಶೇಷಣವು ಸೇರಿತು. 1938ರಲ್ಲಿ 'ಮ್ಯಾಥಮೆಟಿಕ್ಸ್ ಸ್ಟೂಡೆಂಟ್' ಪತ್ರಿಕೆಯಲ್ಲಿ ಅವುಗಳನ್ನು ಕುರಿತ ಟಿಪ್ಪಣಿಯು ಪ್ರಕಟವಾಯಿತು, ಮರುವರ್ಷ ಕೆ. ಆರ್. ಗುಂಜೀಕರರೊಡನೆ ಬರೆದ ವಿಸ್ತಾರವಾದ ಲೇಖನವು ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಬಂದಿತು. ಈ ಸಾಲಿನ ಆರನೆಯ ಸಂಖ್ಯೆಯೇ 12345654321.

ಮಹಾವೀರಾಚಾರ್ಯರು ಹಾರವನ್ನು ಕಂಡಲ್ಲಿ ಕಾಪ್ರೇಕರರು ಮೂರು ಭಾಗಗಳನ್ನು ಕಂಡರು. ಎಡಭಾಗ 12345, ನಡುವಿನ ಅಂಕೆ 6, ಬಲಭಾಗ 54321. ಎಡವನ್ನೂ ಬಲವನ್ನೂ ಕೂಡಿಸಿದರೆ 66666. ನಡುವಿನ ಅಂಕೆಯೇ ಐದು ಬಾರಿ! 1234321ರಲ್ಲಿ 123 ಮತ್ತು 321 ಕೂಡಿ 444. ನಡುವೆ ಇರುವುದು 4. ಒಂಬತ್ತು ಒಂದುಗಳ ವರ್ಗವಾದ 12345678987654321ರವರೆಗೂ ಈ ಸೊಗಸು ನಿಲ್ಲುತ್ತದೆ. ಹತ್ತು ಒಂದುಗಳಾದರೆ ನಡುವಿನ ಸ್ಥಾನದಲ್ಲಿ ಹತ್ತು ತುಂಬಿ, ದಶಕವು ಎಡಕ್ಕೆ ಉಕ್ಕಿ, 1234567900987654321 ಎಂದಾಗಿ ಹಾರದ ಒಂದು ಪಕ್ಕವು ಜೋಲುತ್ತದೆ. ಎಡಗಡೆಯಲ್ಲಿ ಎಂಟು ಮಾಯವಾಗಿರುವುದನ್ನು ಗಮನಿಸಬೇಕು. 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳೆಂಬುದು ಮಹಾವೀರಾಚಾರ್ಯರ ಇನ್ನೊಂದು ಲೆಕ್ಕ. ಅಲ್ಲಿಯೂ ಎಂಟು ಇಲ್ಲದಿರುವುದು ಇದೇ ದಶಕದ ಕೈವಾಡದಿಂದಲೇ.

ಆದರೆ ವಿದ್ವತ್ ವಲಯದಲ್ಲಿ ಇದಕ್ಕೆ ದೊರೆತ ಮನ್ನಣೆಯು ಅಷ್ಟಕ್ಕಷ್ಟೇ. ವಿಶ್ವವಿದ್ಯಾಲಯಗಳ ಗಣಿತಜ್ಞರಲ್ಲಿ ಅನೇಕರು ಇದು ಗಣಿತವೇ ಅಲ್ಲ, ಹೊತ್ತುಗಳೆಯುವ ವಿನೋದವೆಂದು ಬಗೆದರು. ಕಾಪ್ರೇಕರರ ಬರೆಹಗಳಲ್ಲಿ ಹಲವು ತಾವೇ ಅಚ್ಚು ಹಾಕಿಸಿದ ಕಿರುಹೊತ್ತಗೆಗಳಾಗಿ ಹೊರಬಂದವು. ಡೆಮ್ಲೋ ಸಂಖ್ಯೆಗಳ ಲೇಖನದ ಮರುವರ್ಷವೇ, 1940ರಲ್ಲಿ, ಶ್ರೀನಿವಾಸ ರಾಮಾನುಜನ್ನರ ಪೋಷಕರೆಂದು ನಾವೆಲ್ಲ ಗೌರವಿಸುವ ಜಿ. ಎಚ್. ಹಾರ್ಡಿಯವರು ಗಣಿತಜ್ಞನ ಸಮರ್ಥನೆಯಾಗಿ ಬರೆದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ 8712, 9801ರಂಥ ಸಂಖ್ಯೆಗಳ ವೈಚಿತ್ರ್ಯವನ್ನು ಉದಾಹರಿಸಿ, ಇವು ಪತ್ರಿಕೆಗಳ ಸಮಸ್ಯಾಪುಟಗಳಿಗೆ ತಕ್ಕವೇ ಹೊರತು ಗಣಿತಜ್ಞನ ಮನಸ್ಸಿಗೆ ಹಿಡಿಸುವಂಥವಲ್ಲವೆಂದರು. ಹಾರ್ಡಿಯವರು ಕಾಪ್ರೇಕರರನ್ನು ಕುರಿತು ಹೇಳಿದ್ದಲ್ಲ. ಆದರೆ ಆ ತೀರ್ಪು ಅವರಂಥವರೆಲ್ಲರ ಮೇಲೂ ಬಿದ್ದಿತೆನ್ನಬೇಕು. ಆ ಮಾತಿನಲ್ಲಿ ತಿರುಳಿಲ್ಲದಿಲ್ಲ. ಅಂಕೆಗಳು ಸಂಖ್ಯೆಯ ಉಡುಪು ಮಾತ್ರ. ಮನುಷ್ಯನಿಗೆ ಹತ್ತು ಬೆರಳುಗಳಿರುವುದರಿಂದ ಆ ಉಡುಪು ಹತ್ತರ ಅಳತೆಯದಾಯಿತು. ಎಂಟರ ಮಾನದಲ್ಲಿ ಎಣಿಸುವವರಿಗೆ 9801 ಎಂಬ ಬರೆಹವೇ ಇರಲಾರದು.

12345654321ರ ವಿಷಯದಲ್ಲಿ ಮಾತ್ರ ಈ ಆಕ್ಷೇಪವು ನಾಟುವುದಿಲ್ಲ. ನಡುವಣ ಅಂಕೆಯು ಆರನ್ನು ಮೀರದಿರುವುದರಿಂದ ಏಳರ ಮಾನವಾಗಲಿ, ಎಂಟರದಾಗಲಿ, ಹದಿನಾರರದಾಗಲಿ, ಆರು ಒಂದುಗಳ ವರ್ಗವು ಎಲ್ಲ ಕಡೆಯೂ 12345654321 ಎಂದೇ ಬರೆಯಲ್ಪಡುತ್ತದೆ. ಉಡುಪು ಬದಲಾದರೂ ಕೊರಳ ಹಾರವು ಬದಲಾಗದು! ಇದಕ್ಕೆ ಕಾರಣ, ಆ ಅಂಕೆಗಳು ಕೇವಲ ಬರೆಹದ ಚಮತ್ಕಾರವಾಗಿರದೆ ಒಂದು ಎಣಿಕೆಯ ಫಲವಾಗಿರುವುದೇ ಆಗಿದೆ. ಆರು ಮುಖಗಳ ಎರಡು ದಾಳಗಳನ್ನು ಉರುಳಿಸಿದಾಗ ಮೊತ್ತವು 2ರಿಂದ 12ರವರೆಗೆ ಯಾವುದಾದರೂ ಆಗಬಹುದು. 2 ಬರುವುದು ಒಂದೇ ಬಗೆಯಲ್ಲಿ, 3 ಎರಡು ಬಗೆಗಳಲ್ಲಿ, 4 ಮೂರು ಬಗೆಗಳಲ್ಲಿ. 7 ಆರು ಬಗೆಗಳಲ್ಲಿ. ಅನಂತರ ಇಳಿಯುತ್ತ 12 ಮತ್ತೆ ಒಂದೇ ಬಗೆಯಲ್ಲಿ. ಈ ಬಗೆಗಳ ಲೆಕ್ಕವನ್ನು ಸಾಲಾಗಿ ಬರೆದರೆ ಮಾನ್ಯಖೇಟದ ಹಾರವೇ ಕೈಗೆ ಬರುತ್ತದೆ. ಅಂಕೆಗಳನ್ನೆಲ್ಲ ಕೂಡಿಸಿದರೆ 36; ಎರಡು ದಾಳಗಳು ಬೀಳಬಹುದಾದ ಬಗೆಗಳು ಒಟ್ಟು ಆರಾರಲ ಮೂವತ್ತಾರೇ. ಸಂಭವನೀಯತೆಯ ಶಾಸ್ತ್ರವನ್ನು ಆರಂಭಿಸುವ ಇಂದಿನ ವಿದ್ಯಾರ್ಥಿಗಳು ಮೊದಲು ಕಲಿಯುವ ಕೋಷ್ಟಕವು ಇದೇ ಆಗಿದೆ.

ಕಾಪ್ರೇಕರರ ಹೆಸರು ಹೆಚ್ಚು ಬಳಕೆಯಲ್ಲಿರುವುದು 6174 ಎಂಬ ಸಣ್ಣ ಸಂಖ್ಯೆಯಿಂದ. ನಾಲ್ಕು ಅಂಕೆಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿ ಸಂಖ್ಯೆಯ ಅಂಕೆಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯುತ್ತ ಹೋದರೆ ಏಳು ಹೆಜ್ಜೆಗಳೊಳಗಾಗಿ 6174 ಬಂದು ನಿಲ್ಲುತ್ತದೆ. ಇದನ್ನು ಅವರು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಮಂಡಿಸಿದರು. ವರ್ಗ ಮಾಡಿ ಎರಡು ಭಾಗಗಳಾಗಿ ಕತ್ತರಿಸಿ ಕೂಡಿಸಿದಾಗ ತಾನೇ ಮರಳಿ ಬರುವ ಸಂಖ್ಯೆಗಳಿಗೆ ಇಂದು ಜಗತ್ತಿನಾದ್ಯಂತ 'ಕಾಪ್ರೇಕರ್ ಸಂಖ್ಯೆ'ಗಳೆಂದೇ ಹೆಸರು. 142857ರ ವರ್ಗ 20408122449; 20408 ಮತ್ತು 122449 ಕೂಡಿದರೆ ಮತ್ತೆ 142857. ಈ 142857 ಏಳರಿಂದ ಒಂದನ್ನು ಭಾಗಿಸಿದಾಗ ಆವರ್ತಿಸುವ ಅಂಕೆಗಳ ಗುಂಪು. 142857143ನ್ನು 7ರಿಂದ ಗುಣಿಸಿ 1000000001 ಎಂಬ ಹಾರವನ್ನು ಪಡೆಯುವ ಮಹಾವೀರಾಚಾರ್ಯರ ಲೆಕ್ಕವನ್ನು ಬಲ್ಲವರಿಗೆ ಇದೂ ಹಳೆಯ ಬಂಧುವೇ.

1962ರಲ್ಲಿ ನಿವೃತ್ತರಾದ ಮೇಲೆ ನಿವೃತ್ತಿವೇತನವು ಜೀವನಕ್ಕೆ ಸಾಲದಾಯಿತು. 1966ರಲ್ಲಿ ಪತ್ನಿಯೂ ತೀರಿಕೊಂಡರು. ಗಣಿತ, ವಿಜ್ಞಾನಗಳ ಮನೆಪಾಠವನ್ನು ಹೇಳಿ ದಿನ ಕಳೆಯುತ್ತಲೇ ಕಾಪ್ರೇಕರರು ಶಾಲೆಗಳಿಗೆ ಹೋಗಿ ಸಂಖ್ಯೆಗಳನ್ನು ಕುರಿತು ಉಪನ್ಯಾಸಗಳನ್ನು ನೀಡುತ್ತಿದ್ದರು. 1975ರ ಮಾರ್ಚ್ ತಿಂಗಳಲ್ಲಿ ಅಮೆರಿಕೆಯ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರರು ಅವರನ್ನು ಕುರಿತು ಬರೆದಾಗ, ಇಲ್ಲಿಯ ಪಂಡಿತರು ಆಟವೆಂದು ಬದಿಗಿಟ್ಟಿದ್ದ ಸಂಖ್ಯೆಗಳು ದೇಶದೇಶಗಳ ಗಣಿತಜ್ಞರ ಮೇಜಿಗೆ ಏರಿದವು. ಆಗ ಅವರಿಗೆ ಎಪ್ಪತ್ತು ವರ್ಷ. 1986ರಲ್ಲಿ ಅವರು ತೀರಿಕೊಂಡರು. 6174ನ್ನು ತಲುಪಲು ಕೆಲವು ಸಂಖ್ಯೆಗಳಿಗೆ ಒಂದೇ ಹೆಜ್ಜೆ ಸಾಕು, ಕೆಲವಕ್ಕೆ ಏಳೂ ಬೇಕು. ಅವರ ಜನ್ಮವರ್ಷವಾದ 1905 ಏಳು ಹೆಜ್ಜೆಗಳ ಗುಂಪಿಗೆ ಸೇರಿದೆ: 9351, 8172, 7443, 3996, 6264, 4176, 6174.